ಎರವಲು ರೈಫಲ್, ಎರವಲು ಕೋಟು

ನಮ್ಮ ಶೂಟಿಂಗ್ ರೇಂಜಿನಲ್ಲಿ ಯಾರ ಸಾಮಾನು ಯಾರ ಮನೆಯಲ್ಲಿದೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ತಿಂಗಳಿಗೊಂದಾದರೂ ಎಡವಟ್ಟು ಆಗುತ್ತಲೇ ಇರುತ್ತದೆ.

ಶೂಟಿಂಗ್ ಅಂದ ತಕ್ಷಣ ಕುಂಬಾರಕೊಪ್ಪಲಿನಲ್ಲಿ ಜನ ನನ್ನನ್ನು ಕೇಳುವುದು, ‘ಹೀರೋ ಯಾರು?’ ಅಂತ. ಸಿನಿಮಾ ಅಲ್ಲ ಕಣ್ರೀ. ಹತ್ತು ಮೀಟರ್ ದೂರದಲ್ಲಿ ಒಂದು ಕಾಗದ ನೇತುಹಾಕಿ, ಗಾಳಿ ಒತ್ತಡದ ರೈಫಲ್ಲಿನಿಂದ ಮೆಣಸಿನಕಾಳಷ್ಟು ಸೀಸದ ಗುಂಡು ಹೊಡೆಯುವ ಆಟ. ಆ ಗುಂಡಿಗೆ ಪೆಲೆಟ್ ಅನ್ನುತ್ತಾರೆ. ಕಾಗದದ ನಟ್ಟನಡುವೆ ಸಾಸಿವೆಯಷ್ಟು ಚುಕ್ಕಿ ಇರುತ್ತದೆ, ಅದಕ್ಕೆ ಬಿದ್ದರೆ ಹತ್ತು ಅಂಕ. ವಿಜಯನಗರದಲ್ಲಿ ಒಂದು ಕಟ್ಟಡದ ಮೇಲಿನ ಮಹಡಿಯೇ ನಮ್ಮ ರೇಂಜು. ಯೋಗ ಕ್ಲಾಸಿಗೆ ಅಂತ ಕಟ್ಟಿಸಿದ ಉದ್ದನೆಯ ಹಾಲ್ ಅದು. ಉಸಿರು ಬಿಗಿಹಿಡಿದು ನಿಲ್ಲುವ ಕೆಲಸ ಈಗಲೂ ಅಲ್ಲೇ ನಡೆಯುತ್ತಿದೆ.

ನಾನು ಅಲ್ಲಿಗೆ ಹೋಗಿ ಸೇರಿಕೊಂಡದ್ದೂ ಒಂದು ಎಡವಟ್ಟಿನಿಂದಲೇ.

ಸೂಜಿ ಮುರಿದ ಕೋಟು

ನನ್ನದು ಒಂದು ಟೈಲರಿಂಗ್ ಅಂಗಡಿ. ರವಿಕೆ, ಚೂಡಿದಾರ್, ಸೀರೆಗೆ ಫಾಲ್ಸ್, ಪಿಕೋ, ಇಷ್ಟೇ. ಒಂದು ಮಧ್ಯಾಹ್ನ ದಪ್ಪನೆಯ ವಕೀಲರೊಬ್ಬರು ಮೂಟೆಯಂಥ ಚೀಲ ಹೊತ್ತುಕೊಂಡು ಬಂದರು. ಒಳಗಿಂದ ಒಂದು ಕೋಟು ತೆಗೆದು ಟೇಬಲ್ ಮೇಲಿಟ್ಟರು. ಇಟ್ಟರು ಅಂದರೆ, ಅದು ತಾನಾಗಿಯೇ ನಿಂತುಕೊಂಡಿತು.

‘ಸ್ವಲ್ಪ ಬಿಗಿಯಾಗಿದೆ ಕಣಮ್ಮ. ಪಕ್ಕದಲ್ಲಿ ಬಿಡಿಸಿ ಕೊಡ್ತೀಯಾ?’

ಮುಟ್ಟಿ ನೋಡಿದೆ. ಕ್ಯಾನ್ವಾಸ್, ಅದರ ಮೇಲೆ ಚರ್ಮ, ಮೊಣಕೈಗೆ ರಬ್ಬರು.

‘ಏನ್ ಸಾರ್ ಇದು? ಕೋಟೋ, ಲಾರಿ ಟಾರ್ಪಾಲೋ?’

‘ರೈಫಲ್ ಶೂಟಿಂಗ್ ಜಾಕೆಟ್. ಮೈ ಅಲ್ಲಾಡಬಾರದು ಅಂತ ಹೀಗೆ ಗಟ್ಟಿಯಾಗಿ ಮಾಡಿರ್ತಾರೆ.’

ನಾಲ್ಕು ಸೂಜಿ ಮುರಿದವು. ಐದನೆಯದಕ್ಕೆ ಹೊಲಿಗೆ ಕೂತಿತು. ಆದರೆ ಹಾಕಿಕೊಂಡು ನಿಂತಾಗ ಎಲ್ಲಿ ಬಿಗಿಯುತ್ತದೆ ಅನ್ನುವುದು ನನ್ನ ಅಂಗಡಿಯಲ್ಲಿ ತಿಳಿಯಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು, ಪಿನ್ನಿನ ಡಬ್ಬಿ ಹಿಡಿದು ರೇಂಜಿಗೇ ಹೋದೆ. ವಕೀಲರು ರೈಫಲ್ ಎತ್ತಿ ನಿಂತರು. ನಾನು ಹಿಂದೆ ಮಂಡಿಯೂರಿ ಪಿನ್ನು ಚುಚ್ಚಿದೆ. ಆವತ್ತು ಅವರಿಗೆ ಅಂಕ ಬರಲಿಲ್ಲ. ಎರಡು ಪಿನ್ನು ಒಳಗೆ ದಾಟಿದ್ದವಂತೆ. ಪಾಪ, ಮರ್ಯಾದಸ್ಥರು, ನಾನು ಮನೆಗೆ ಹೋಗುವವರೆಗೂ ಬಾಯಿ ಬಿಡಲಿಲ್ಲ.

ಕೆಲಸ ಮುಗಿದ ಮೇಲೆ ಯಾರೋ ಅಂದರು, ‘ಇಷ್ಟು ದೂರ ಬಂದಿದ್ದೀರಿ, ಒಂದು ಗುಂಡು ಹೊಡೆದೇ ಹೋಗಿ.’

‘ನನ್ಹತ್ರ ಏನಿದೆ ಸಾರ್ ಹೊಡೆಯೋಕೆ, ಕತ್ರಿ ಬಿಟ್ರೆ?’

ಅಷ್ಟೇ ಸಾಕಾಯಿತು. ವಕೀಲರು ತಮ್ಮ ಕೋಟು ಬಿಚ್ಚಿ ನನಗೆ ತೊಡಿಸಿದರು. ಅದರೊಳಗೆ ನನ್ನ ಜೊತೆ ನಮ್ಮ ಯಜಮಾನರೂ ಹಿಡಿಸುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ತಮ್ಮ ಕೈಗವಸು ಕೊಟ್ಟರು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿರುವವರೊಬ್ಬರು ತಮ್ಮ ಶೂ ಬಿಚ್ಚಿಕೊಟ್ಟು ಬರಿಗಾಲಲ್ಲಿ ನಿಂತರು. ಅವರನ್ನು ಅಲ್ಲಿ ಎಲ್ಲರೂ ಫ್ಯಾಕ್ಟರಿ ಅಣ್ಣ ಅನ್ನುತ್ತಾರೆ. ಪಕ್ಕದ ಸಾಲಿನಲ್ಲಿದ್ದ ನಿವೃತ್ತ ಸಂಸ್ಕೃತ ಮೇಷ್ಟ್ರು ತಮ್ಮ ಡಬ್ಬಿಯಿಂದ ಒಂದು ಪೆಲೆಟ್ ತೆಗೆದು, ಪ್ರಸಾದ ಕೊಟ್ಟ ಹಾಗೆ ನನ್ನ ಅಂಗೈಗೆ ಹಾಕಿದರು. ಮೈಮೇಲೆ ನನ್ನದು ಅಂತ ಇದ್ದದ್ದು ಸೀರೆ ಮತ್ತು ಕೊರಳಿನ ಟೇಪು.

ಹೊಡೆದೆ. ನನ್ನ ಕಾಗದದ ಮೇಲೆ ಏನೂ ಇಲ್ಲ! ಎಲ್ಲಿ ಹೋಯಿತು ಅಂತ ನಾನು ಹುಡುಕುತ್ತಿರುವಾಗ ಪಕ್ಕದಲ್ಲಿ ಮೇಷ್ಟ್ರು ದುರ್ಬೀನಿನಲ್ಲಿ ತಮ್ಮ ಕಾಗದ ನೋಡಿ ಗಾಬರಿಯಾದರು.

‘ಹತ್ತು ಬಂದಿದೆಯಲ್ಲ! ನಾನಿನ್ನೂ ಪೆಲೆಟ್ಟೇ ಹಾಕಿಲ್ಲ!’

ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರು ಎದ್ದು ಬಂದು ಕೈಮುಗಿದರು.

‘ತಾಯಿ, ನಾವೆಲ್ಲ ಇಷ್ಟು ವರ್ಷದಿಂದ ಕೋಟು, ಬೂಟು ಹಂಚ್ಕೊಂಡು ಬಂದಿದ್ದೀವಿ. ಅಂಕಾನೇ ದಾನ ಮಾಡಿದವರು ನೀವೊಬ್ಬರೇ.’

ಹಣೆಯ ಮೇಲೆ ಮದುವೆ

ಗುರಿ ಇಡುವಾಗ ಒಂದು ಕಣ್ಣು ಮುಚ್ಚಿದರೆ ಮುಖವೆಲ್ಲ ಬಿಗಿಯುತ್ತದೆ. ಅದಕ್ಕೆ ಎರಡೂ ಕಣ್ಣು ತೆರೆದಿಟ್ಟು, ಒಂದರ ಮುಂದೆ ಮಾತ್ರ ರಟ್ಟಿನ ಸಣ್ಣ ಪಟ್ಟಿಯೊಂದನ್ನು ಹಣೆಯಿಂದ ಇಳಿಬಿಟ್ಟುಕೊಳ್ಳುತ್ತೇವೆ. ಅಂಗಡಿಯಲ್ಲೂ ಸಿಗುತ್ತದೆ. ಆದರೆ ಫ್ಯಾಕ್ಟರಿ ಅಣ್ಣ ಇರುವಾಗ ಅಂಗಡಿಗೆ ಯಾಕೆ ಹೋಗಬೇಕು? ಒಂದು ಭಾನುವಾರ ಎಲ್ಲರಿಗೂ ಒಂದೊಂದು ಪಟ್ಟಿ ಕತ್ತರಿಸಿ ತಂದು ಹಂಚಿಬಿಟ್ಟರು. ಒಳ್ಳೆಯ ದಪ್ಪ ರಟ್ಟು, ಕೆನೆ ಬಣ್ಣ, ಅಂಚಿಗೆ ಬಂಗಾರದ ಗೆರೆ ಬೇರೆ. ನಾವು ಹಾಕಿಕೊಂಡು ಸಾಲಾಗಿ ನಿಂತೆವು.

ಆ ಹೊತ್ತಿಗೆ ಅಣ್ಣನ ಅಕ್ಕ ಮೆಟ್ಟಿಲು ಹತ್ತಿ ಬಂದರು. ಮಗಳ ಮದುವೆಗೆ ನಮ್ಮನ್ನೆಲ್ಲ ಖುದ್ದಾಗಿ ಕರೆಯೋಣ ಅಂತ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡೇ ಬಂದಿದ್ದರು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಓದತೊಡಗಿದರು. ಡಾಕ್ಟರಮ್ಮನ ಕಣ್ಣಿನ ಮೇಲೆ ‘ಚಿ. ಸೌ.’, ವಕೀಲರ ಕಣ್ಣಿನ ಮೇಲೆ ‘ಸಕುಟುಂಬ’, ನನ್ನದರ ಮೇಲೆ ‘ಊಟದ ವ್ಯವಸ್ಥೆ’, ಮೇಷ್ಟ್ರದರ ಮೇಲೆ ‘ಉಡುಗೊರೆ ಬೇಡ’.

‘ಏನೋ ಇದು? ಹಂಚು ಅಂತ ನಿನ್ ಕೈಗೆ ಕೊಟ್ಟಿದ್ರೆ ಕಾರ್ಡ್‌ಗಳ್ನೆಲ್ಲಾ ಕತ್ರಿಸ್ಬುಟ್ಟಿದ್ದೀಯಲ್ಲೋ!’

ಅಣ್ಣ ಒಂದಿಷ್ಟೂ ಅಳುಕಲಿಲ್ಲ.

‘ಹಂಚಿದ್ದೀನಲ್ಲಕ್ಕ. ಕೈಗೆ ಕೊಟ್ರೆ ಮನೇಲಿ ಎಲ್ಲಾದ್ರೂ ಬಿಸಾಕ್ತಾರೆ. ಅಂಗೇ ಕಣ್ಣಿಗೆ ಕಟ್ಬುಟ್ಟೆ!’

ಮದುವೆಗೆ ಒಬ್ಬರೂ ತಪ್ಪಿಸಲಿಲ್ಲ. ಮೇಷ್ಟ್ರು ಉಡುಗೊರೆ ತರಲಿಲ್ಲ. ಕೇಳಿದರೆ, ‘ನನ್ನ ಪಾಲಿಗೆ ಹಾಗಂತ ಬರೆದುಕೊಟ್ಟಿದ್ರಲ್ಲ’ ಅಂದರು.

ಮೊದಲು ತಾವು

ಆ ವಕೀಲರ ಕೋಟಿಗೆ ನಾನು ಎರಡೂ ಪಕ್ಕದಲ್ಲಿ ಎಳೆದು ಬಿಗಿಯುವ ಪಟ್ಟಿ ಇಟ್ಟು ಹೊಲಿದಿದ್ದೆ. ಹಾಗಾಗಿ ದಪ್ಪನೆಯ ವಕೀಲರಿಗೂ ಆಗುತ್ತಿತ್ತು, ಕಡ್ಡಿಯಂಥ ಮೇಷ್ಟ್ರಿಗೂ ಆಗುತ್ತಿತ್ತು. ಮೇಷ್ಟ್ರ ಸ್ವಂತ ಕೋಟು ಹರಿದುಹೋದ ಮೇಲೆ ಇಬ್ಬರೂ ಅದೊಂದರಲ್ಲೇ ನಡೆಸುತ್ತಿದ್ದರು.

ಹಿರಿಯರ ಸ್ಪರ್ಧೆಯೊಂದು ಬಂತು. ವಕೀಲರಿಗೆ ಬೆಳಗಿನ ಸರದಿ, ಮೇಷ್ಟ್ರಿಗೆ ಮಧ್ಯಾಹ್ನದ ಸರದಿ ಅಂತ ಪಟ್ಟಿಯಲ್ಲಿತ್ತು. ತೊಂದರೆಯೇನಿಲ್ಲ ಅಂದುಕೊಂಡು ಹೋದರೆ, ಬಂದವರು ಕಡಿಮೆಯಾದರು ಅಂತ ಸಂಘಟಕರು ಎರಡೂ ಸರದಿಯನ್ನು ಒಂದೇ ಮಾಡಿಬಿಟ್ಟಿದ್ದರು. ಇಬ್ಬರೂ ಅಕ್ಕಪಕ್ಕ. ನಡುವೆ ಕುರ್ಚಿ. ಕುರ್ಚಿಯ ಮೇಲೆ ಕೋಟು.

ವಕೀಲರು ಅದನ್ನೆತ್ತಿ ಮೇಷ್ಟ್ರ ಕಡೆ ಹಿಡಿದರು. ‘ತಗೊಳ್ಳಿ, ತಾವು ಹಿರಿಯರು.’

‘ಛೆ ಛೆ, ತಮ್ಮ ಸ್ವಂತದ್ದು. ತಾವೇ ಹಾಕ್ಕೊಳ್ಳಬೇಕು.’

‘ತಾವು ಮೇಷ್ಟ್ರು. ತಮ್ಮ ಎದುರು ನಾನು ಕೋಟು ಹಾಕ್ಕೊಂಡು ನಿಂತ್ಕೊಳ್ಳೋದೇ?’

‘ಕೋರ್ಟಿನಲ್ಲಿ ದಿನಾ ಜಡ್ಜ್ ಎದುರು ನಿಂತ್ಕೋತೀರಲ್ಲ ಸಾರ್, ಹಾಗೇ ಅಂದ್ಕೊಳ್ಳಿ.’

‘ಅಲ್ಲಿ ಅಭ್ಯಾಸ ಆಗಿದೆ. ಇಲ್ಲಿ ನನಗೆ ಸಂಕೋಚ ಆಗುತ್ತೆ. ದಯವಿಟ್ಟು.’

ಗಡಿಯಾರ ಓಡುತ್ತಿತ್ತು. ಎಲ್ಲರೂ ತಯಾರಾಗಿ ರೈಫಲ್ ಎತ್ತಿದ್ದರು. ಹಿಂದಿನ ಸಾಲಿನಿಂದ ನಾನು ‘ಯಾರಾದ್ರೂ ಒಬ್ರು ಹಾಕ್ಕೊಳ್ರೀ!’ ಅಂತ ಪಿಸುಗುಟ್ಟಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ ‘ಅದನ್ನೇ ಹೇಳ್ತಾ ಇದ್ದೀನಮ್ಮ’ ಅಂದರು. ಕೋಟು ಇಬ್ಬರ ಕೈಯಲ್ಲೂ ನಾಲ್ಕು ನಾಲ್ಕು ಸಲ ಓಡಾಡಿತು. ಅಷ್ಟರಲ್ಲಿ ‘ಸ್ಟಾರ್ಟ್’ ಅಂತ ಕೂಗಿದರು. ಇಬ್ಬರೂ ಬರೀ ಅಂಗಿಯಲ್ಲೇ ನಿಂತು, ಕಾಗದದ ಮೂಲೆಮೂಲೆಗೆಲ್ಲ ಗುಂಡು ಹೊಡೆದರು. ಕೋಟು ಆರಾಮಾಗಿ ಕುರ್ಚಿಯಲ್ಲಿ ಕೂತು ನೋಡುತ್ತಿತ್ತು.

ಕೊನೆಯಲ್ಲಿ ತೀರ್ಪುಗಾರ್ತಿ ಹತ್ತಿರ ಬಂದರು. ಏನೋ ನಿಯಮ ಹೇಳುತ್ತಾರೆ ಅಂತ ಇಬ್ಬರೂ ಹೆದರಿ ನೆಟ್ಟಗಾದರು.

‘ಇಬ್ರಿಗೂ ಬೇಡ ಅಂದ್ರೆ ನನಗೆ ಕೊಡಿ ಸಾರ್’ ಅಂದರು ಆಕೆ. ‘ಬೆಳಿಗ್ಗೆಯಿಂದ ಈ ಎಸಿ ಕೆಳಗೆ ಕೂತು ನಡುಗ್ತಾ ಇದ್ದೀನಿ.’

ಬೀಗರಿಗೆ ಬಿದ್ದ ಗುಂಡು

ಡಾಕ್ಟರಮ್ಮ ಒಳ್ಳೆಯ ಪೆಲೆಟ್ ತರಿಸಿದರೆ ಒಬ್ಬರೇ ಇಟ್ಟುಕೊಳ್ಳುವವರಲ್ಲ. ‘ಇದು ಚೆನ್ನಾಗಿ ಗುಂಪಾಗಿ ಬೀಳುತ್ತೆ, ನೀವೂ ನೋಡಿ’ ಅಂತ ಎಲ್ಲರಿಗೂ ಒಂದೊಂದು ಹಿಡಿ ಕೊಡುತ್ತಾರೆ. ಯಾರ ಹತ್ತಿರ ಏನಿದೆಯೋ ಅದರಲ್ಲಿ ತುಂಬಿಸಿಕೊಳ್ಳುತ್ತೇವೆ. ನನ್ನದು ಗುಂಡಿ ಹಾಕಿಡುವ ಡಬ್ಬಿ. ಮೇಷ್ಟ್ರದು ಪುಟ್ಟ ಸ್ಟೀಲ್ ಡಬ್ಬಿ. ಅವರ ಮನೆಯಲ್ಲಿ ಅಂಥವು ಎರಡಿದ್ದವು. ಇನ್ನೊಂದರಲ್ಲಿ ಸುಗಂಧದ ಅಡಿಕೆ ಚೂರು ಇರುತ್ತಿತ್ತು.

ಮೊಮ್ಮಗಳ ನಾಮಕರಣಕ್ಕೆ ಬೀಗರು ಬಂದಿದ್ದರು. ಹೋಳಿಗೆ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತಾಗ ಮೇಷ್ಟ್ರು ಉಪಚಾರಕ್ಕೆ ಡಬ್ಬಿ ಚಾಚಿದರು. ಬೀಗರು ಮಾತಿನ ಭರದಲ್ಲಿದ್ದರು. ನೋಡದೇ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿ ಕಟ್ಟನೆ ಕಡಿದರು.

‘ಯಾವ ಊರಿನ ಅಡಿಕೆ ಬೀಗರೇ ಇದು?’

ಮೇಷ್ಟ್ರಿಗೆ ಜೀವ ಹಾರಿಹೋಯಿತು. ‘ಉಗುಳಿ! ಉಗುಳಿ! ಅದು ಗುಂಡು!’

ಆ ಮನೆಯಲ್ಲಿ ಬೀಗರಿಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಬೀಗರು ಉಗುಳಿದರು. ಮೂರು ಪೆಲೆಟ್ ಬಂತು, ಜೊತೆಗೆ ಹೋದ ವರ್ಷ ಕಟ್ಟಿಸಿದ್ದ ಹಲ್ಲಿನ ಕ್ಯಾಪೂ ಬಂತು. ಎಷ್ಟು ಹಾಕಿಕೊಂಡಿದ್ದರೋ, ಒಂದು ಒಳಗೆ ಹೋಯಿತೋ ಏನೋ ಅಂತ ಮನೆಯಲ್ಲಿ ಗದ್ದಲ. ಅವರ ಹೆಂಡತಿ ಅಳುವುದಕ್ಕೇ ಶುರುಮಾಡಿದರು. ಭಾನುವಾರವಾದರೂ ಡಾಕ್ಟರಮ್ಮ ಓಡಿಹೋಗಿ ಕ್ಲಿನಿಕ್ ತೆಗೆದರು. ಹತ್ತಿರದ ಎಕ್ಸ್‌ರೇ ಸೆಂಟರಿಗೆ ಕಳಿಸಿ ಗಂಟಲು, ಎದೆ, ಹೊಟ್ಟೆ, ಎಲ್ಲದರ ಎಕ್ಸ್‌ರೇ ಆಯಿತು. ಒಳಗೆ ಏನೂ ಹೋಗಿರಲಿಲ್ಲ. ಆಮೇಲೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ ಕ್ಯಾಪು ಕೂರಿಸಲು ನಿಂತರು. ಮೇಷ್ಟ್ರು ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದರು.

ಬೀಗರು ಬಾಯಿ ತೆರೆದುಕೊಂಡೇ ಕೇಳಿದರು, ‘ಡಾಕ್ಟ್ರೇ, ಆ ಗುಂಡು ಮೇಷ್ಟ್ರಿಗೆ ಕೊಟ್ಟವರು ಯಾರು?’

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. ‘ನಾನೇ ಸಾರ್.’

‘ಈಗ ಹಲ್ಲು ಕೂರಿಸ್ತಾ ಇರೋರು?’

‘ಅದೂ ನಾನೇ.’

ಬೀಗರು ಮೂಲೆಯ ಕಡೆ ಕಣ್ಣು ತಿರುಗಿಸಿದರು. ‘ಇವರು ನಿಮಗೆ ಹೀಗೆ ಇನ್ನೂ ಎಷ್ಟು ಜನ ಪೇಷಂಟುಗಳನ್ನ ಕಳಿಸಿದ್ದಾರೆ?’

ಈ ಗನ್ನು ಯಾರದಮ್ಮಾ?

ದಸರಾ ಬಂತೆಂದರೆ ಊರಿನಲ್ಲಿ ನಾಲ್ಕು ಹೆಜ್ಜೆಗೊಮ್ಮೆ ತಪಾಸಣೆ. ಅಂಥ ದಿನದಲ್ಲೇ ರೈಫಲ್ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹೂಟಗಳ್ಳಿ ಕಡೆ ಹೊರಟದ್ದು ನನ್ನ ತಪ್ಪು. ಪೆಟ್ಟಿಗೆಯ ಪಟ್ಟಿ ಕಿತ್ತುಹೋಗಿತ್ತು, ಅದನ್ನು ಹೊಲಿದಾದ ಮೇಲೆ ಕೊಡಲು ಹೊರಟಿದ್ದೆ. ಸರ್ಕಲ್ಲಿನಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದರು.

‘ಏನಮ್ಮಾ ಅದು? ವೀಣೆನಾ?’

ಹೂಂ ಅಂದಿದ್ದರೆ ಬಿಡುತ್ತಿದ್ದರೋ ಏನೋ. ‘ಅಲ್ಲ ಸಾರ್, ರೈಫಲ್’ ಅಂದೆ. ಅವರು ಎರಡು ಹೆಜ್ಜೆ ಹಿಂದೆ ಹೋದರು. ಸೀಟಿ ಊದಿದರು. ಇನ್ನಿಬ್ಬರು ಬಂದರು. ಆಮೇಲೆ ಸಬ್‌ಇನ್ಸ್‌ಪೆಕ್ಟರೇ ಜೀಪಿನಿಂದ ಇಳಿದರು.

‘ಈ ಗನ್ನು ಯಾರದಮ್ಮಾ?’

‘ವಕೀಲರದು ಸಾರ್. ಗಾಳಿ ರೈಫಲ್ಲು, ಆಟದ್ದು.’

‘ವಕೀಲರ ಮನೆಯಿಂದ ತರ್ತಾ ಇದ್ದೀರಾ?’

‘ಇಲ್ಲ ಸಾರ್, ಡಾಕ್ಟರ್ ಮನೆಯಿಂದ.’

‘ಡಾಕ್ಟರ್ ಹತ್ರ ಯಾಕಿತ್ತು?’

‘ಅವರದು ರಿಪೇರಿಗೆ ಹೋಗಿತ್ತು ಸಾರ್.’

‘ಈಗ ವಕೀಲರಿಗೆ ವಾಪಸ್ ಕೊಡೋಕೆ ಹೊರಟಿದ್ದೀರಾ?’

‘ಇಲ್ಲ ಸಾರ್, ಫ್ಯಾಕ್ಟರಿ ಅಣ್ಣನಿಗೆ.’

‘ನೀವ್ಯಾರು?’

‘ಟೈಲರ್ ಸಾರ್.’

ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು. ವಕೀಲರ ನಂಬರು ಕೇಳಿ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವಕೀಲರು ಕೋರ್ಟಿನ ವರಾಂಡದಿಂದ ಪಿಸುಗುಟ್ಟಿದರು, ‘ನನ್ನ ರೈಫಲ್ಲಾ? ಡಾಕ್ಟರ್ ಹತ್ರ ಭದ್ರವಾಗಿದೆಯಲ್ಲ ಸಾರ್!’ ಡಾಕ್ಟರಮ್ಮನಿಗೆ ಮಾಡಿದರೆ, ‘ಅದು ಫ್ಯಾಕ್ಟರಿ ಅಣ್ಣನ ಹತ್ರ ಇದೆ’ ಅಂದರು. ಅಣ್ಣನಿಗೆ ಮಾಡಿದರೆ, ‘ನಂಗಿನ್ನೂ ಬಂದಿಲ್ಲ ಸಾ. ಬಂದ್ರೂ ಉಪಯೋಗ ಇಲ್ಲ, ನಾಳೆ ಮೇಷ್ಟ್ರಿಗೆ ಕೊಡ್ಬೇಕು’ ಅಂದರು.

‘ಮೇಷ್ಟ್ರು ಬೇರೆ ಇದಾರಾ?’ ಅಂದರು ಸಾಹೇಬರು.

ನಮ್ಮ ಬೀದಿಯ ಇಬ್ಬರು ಹೆಂಗಸರು ಆಟೋದಲ್ಲಿ ಹೋಗುತ್ತಾ ನನ್ನನ್ನು ನೋಡಿಯೂ ಬಿಟ್ಟರು. ಸಂಜೆಯೊಳಗೆ ಕುಂಬಾರಕೊಪ್ಪಲಿಗೆಲ್ಲ ನಾನು ಜೈಲಿಗೆ ಹೋದ ಸುದ್ದಿ ತಲುಪುತ್ತದೆ ಅನ್ನುವುದು ಖಾತ್ರಿಯಾಯಿತು. ಅಷ್ಟರಲ್ಲಿ ವಕೀಲರು ರೈಫಲ್ಲಿನ ಬಿಲ್ಲನ್ನೂ ಕ್ಲಬ್ಬಿನ ಕಾರ್ಡನ್ನೂ ಫೋನಿಗೆ ಕಳಿಸಿದರು. ಸಾಹೇಬರು ಪೆಟ್ಟಿಗೆ ತೆಗೆಸಿ, ನಂಬರು ತಾಳೆ ನೋಡಿದರು. ಮುಖ ಸಡಿಲವಾಯಿತು.

‘ಎಲ್ಲ ಸರಿ ಇದೆ. ಹೋಗಿ ಬನ್ನಿ ಅಮ್ಮ. ಹಬ್ಬ ಮುಗಿಯೋವರೆಗೂ ಇದನ್ನ ಊರೆಲ್ಲಾ ಮೆರವಣಿಗೆ ಮಾಡಿಸಬೇಡಿ.’

ಕೈಮುಗಿದು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ಕಾನ್‌ಸ್ಟೇಬಲ್ ಕೂಗಿದರು, ‘ಅಮ್ಮಾ, ಹೆಲ್ಮೆಟ್ ಎಲ್ಲಿ?’

ತಲೆ ಮುಟ್ಟಿ ನೋಡಿಕೊಂಡೆ. ‘ಅದನ್ನ ಮೇಷ್ಟ್ರಿಗೆ ಕೊಟ್ಟಿದ್ದೀನಿ ಸಾರ್.’

ರೈಫಲ್ಲಿಗೆ ಬಿಟ್ಟರು, ಹೆಲ್ಮೆಟ್ಟಿಗೆ ಹಿಡಿದರು.

ಡಾಕ್ಟರಮ್ಮನ ಚೀಟಿ

ಹೋದ ವರ್ಷ ರಾಜ್ಯಮಟ್ಟಕ್ಕೆ ಆಯ್ಕೆ ಮಾಡುವ ಸ್ಪರ್ಧೆ ನಮ್ಮ ಊರಿನಲ್ಲೇ ಇತ್ತು. ನನಗೂ ಹೆಸರು ಕೊಡಿಸಿದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಿಟ್ಟರೆ ನನ್ನ ಹೆಸರು ಅಚ್ಚಾಗಿರುವುದು ರೇಷನ್ ಕಾರ್ಡಿನಲ್ಲಿ. ಇನ್ನೊಂದು ಕಾಗದದಲ್ಲಿ ಅಚ್ಚಾಗಲಿ ಅಂತ ಆಸೆ. ಮೂರು ತಿಂಗಳು ಅಂಗಡಿಯನ್ನು ಒಂದು ಗಂಟೆ ತಡವಾಗಿ ತೆಗೆದು ಅಭ್ಯಾಸ ಮಾಡಿದ್ದೆ. ‘ಯುಗಾದಿಗೆ ಕೊಟ್ಟ ರವಿಕೆ ದೀಪಾವಳಿಗೆ ಬರುತ್ತೆ’ ಅಂತ ಗಿರಾಕಿಗಳ ಕೈಯಲ್ಲಿ ಅನ್ನಿಸಿಕೊಂಡಿದ್ದೆ.

ರೈಫಲ್ ಡಾಕ್ಟರಮ್ಮನದು. ಅವರದು ಮೊದಲ ಸರದಿ, ನನ್ನದು ಎರಡನೆಯದು. ಅವರ ಕಣ್ಣಿಗೆ ಹೊಂದಿಸಿದ್ದನ್ನು ನನ್ನ ಕಣ್ಣಿಗೆ ಬದಲಾಯಿಸಲು, ರೈಫಲ್ಲಿನ ಹಿಂದೆ ಇರುವ ಎರಡು ತಿರುಪನ್ನು ಇಷ್ಟಿಷ್ಟು ತಿರುಗಿಸಬೇಕು. ಒಂದು ಸಲ ತಿರುಗಿಸಿದರೆ ಟಿಕ್ ಅನ್ನುತ್ತದೆ, ಅದಕ್ಕೆ ಕ್ಲಿಕ್ ಅನ್ನುತ್ತೇವೆ. ಎಷ್ಟು ಕ್ಲಿಕ್ ಅನ್ನುವುದು ಭಯಕ್ಕೆ ನನಗೆ ಮರೆತುಹೋಗುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು, ‘ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಒಬ್ಬ ಪೇಷಂಟ್ ಇದ್ದಾರೆ. ಅವರನ್ನ ನೋಡಿ, ನಿನಗೂ ಚೀಟಿ ಬರೆದು ರೈಫಲ್ ಪೆಟ್ಟಿಗೆಯಲ್ಲಿ ಇಟ್ಟಿರ್ತೀನಿ. ಅದರಲ್ಲಿ ಇರೋ ಹಾಗೆ ಮಾಡು, ಸಾಕು.’ ತಮ್ಮ ಸರದಿ ಮುಗಿಸಿ, ನನ್ನ ಬೆನ್ನು ತಟ್ಟಿ, ಅವರು ವಾಪಸ್ ಕ್ಲಿನಿಕ್ಕಿಗೆ ಹೋದರು.

ನಾನು ನನ್ನ ಜಾಗಕ್ಕೆ ಬಂದು ಚೀಟಿ ಬಿಡಿಸಿದೆ. ಡಾಕ್ಟರಮ್ಮ ಎಲ್ಲರಂತಲ್ಲ, ಚೀಟಿ ಬರೆಯುವುದು ಕನ್ನಡದಲ್ಲಿ, ಅಕ್ಷರವೂ ಮುತ್ತಿನಂಥದು. ಓದಲು ಆಗದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ಮೇಲೆ ಬಲ 6. ಕೆಳಗೆ ಎಡ 4.’

ಮೇಲಕ್ಕೆ ಆರು, ಬಲಕ್ಕೆ ಆರು ತಿರುಗಿಸಿದೆ. ಮತ್ತೆ ಕೆಳಕ್ಕೆ ನಾಲ್ಕು, ಎಡಕ್ಕೆ ನಾಲ್ಕು ತಿರುಗಿಸಿದೆ. ವಾಪಸ್ ಬರುವುದಾದರೆ ಅಷ್ಟು ದೂರ ಹೋಗಿದ್ದು ಯಾಕೆ ಅನ್ನಿಸಿತು. ಆದರೆ ಓದಿದವರು ಬರೆದದ್ದು, ಏನೋ ಲೆಕ್ಕ ಇರಬೇಕು.

ಎರಡನೆಯ ಸಾಲು: ‘ಬಲದ್ದು ಅಲ್ಲಾಡುತ್ತಿದೆ.’

ಗುರಿ ನೋಡುವ ಭಾಗದ ಬಲಗಡೆಯ ಸ್ಕ್ರೂ ಮುಟ್ಟಿ ನೋಡಿದೆ. ಹೌದು, ಅಲ್ಲಾಡುತ್ತಿತ್ತು. ಅಲ್ಲಾಡುತ್ತಿದ್ದದ್ದು ನನ್ನ ಕೈ ಅಂತ ಹೊಳೆಯಲಿಲ್ಲ.

ಮೂರನೆಯ ಸಾಲು: ‘ಎಡದ್ದು ತೆಗೆಯಲೇಬೇಕು.’ ‘ಲೇಬೇಕು’ ಅನ್ನುವುದರ ಕೆಳಗೆ ಎರಡು ಗೆರೆ.

ಹಿಂದೆ ಕೂತಿದ್ದ ಫ್ಯಾಕ್ಟರಿ ಅಣ್ಣನ ಹತ್ತಿರ ಸ್ಕ್ರೂ ಬಿಚ್ಚುವ ಕೀಲಿ ಇಸಕೊಂಡು ಬಂದೆ. ‘ಯಾಕಮ್ಮ?’ ಅಂದರು. ‘ಡಾಕ್ಟ್ರು ಹೇಳಿದ್ದಾರೆ’ ಅಂದೆ. ಡಾಕ್ಟರು ಹೇಳಿದ ಮೇಲೆ ಅವರೂ ಮಾತಾಡಲಿಲ್ಲ. ಕುರ್ಚಿಯಲ್ಲಿ ಕೂತು, ಎಡಗಡೆಯ ಸ್ಕ್ರೂ ತಿರುಗಿಸಿ ತಿರುಗಿಸಿ ತೆಗೆದುಬಿಟ್ಟೆ. ತೆಗೆದ ಕೂಡಲೇ ಗುರಿ ನೋಡುವ ಭಾಗ ಪೂರ್ತಿ ಕಳಚಿಕೊಂಡು ನನ್ನ ಮಡಿಲಿಗೆ ಬಿತ್ತು.

ಮಡಿಲಲ್ಲಿ ಅದು, ಕೈಯಲ್ಲಿ ಚೀಟಿ. ಇನ್ನೊಂದು ಸಾಲು ಉಳಿದಿತ್ತು: ‘ತಡಮಾಡಿದರೆ ಪಕ್ಕದ್ದಕ್ಕೂ ತೊಂದರೆ.’

ಪಕ್ಕಕ್ಕೆ ನೋಡಿದೆ. ಪಕ್ಕದ ಸಾಲಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ‘ಸ್ವಲ್ಪ ಆ ಕಡೆ ಸರಕೊಳ್ಳಮ್ಮ, ನಿಂಗೂ ತೊಂದರೆ ಅಂತೆ’ ಅಂದೆ. ಅವಳು ನಿಜವಾಗಿಯೂ ಸರಿದುಕೊಂಡಳು.

ಕೈ ಎತ್ತಿದೆ. ತೀರ್ಪುಗಾರರು ಬಂದು, ರೈಫಲ್ ನೋಡಿ, ಕಳಚಿದ ಭಾಗ ನೋಡಿ, ನನ್ನ ಮುಖ ನೋಡಿದರು. ‘ಇದನ್ನ ಯಾಕಮ್ಮ ಬಿಚ್ಚಿದ್ರಿ?’ ಉತ್ತರಕ್ಕೆ ಚೀಟಿಯನ್ನೇ ಕೊಟ್ಟೆ. ಅವರು ಓದಿ, ತಿರುಗಿಸಿ ಓದಿ, ಏನೂ ಅರ್ಥವಾಗದೆ ಅಣ್ಣನಿಗೆ ಕೊಟ್ಟರು. ಅಣ್ಣ ಬಾಗಿಲಾಚೆ ಓಡಿ ಡಾಕ್ಟರಮ್ಮನಿಗೆ ಫೋನ್ ಹಚ್ಚಿದರು. ಗಾಬರಿಗೆ ಅದು ಸ್ಪೀಕರಿನಲ್ಲಿತ್ತು. ರೇಂಜ್ ಪೂರ್ತಿ ನಿಶ್ಶಬ್ದ. ಅಣ್ಣ ಚೀಟಿ ಓದಿದ್ದೂ ಕೇಳಿಸಿತು, ಆ ಕಡೆಯಿಂದ ಬಂದ ಕೂಗೂ ಕೇಳಿಸಿತು.

‘ಅಯ್ಯಯ್ಯೋ! ಅದು ರೈಫಲ್ದಲ್ಲ ಕಣಣ್ಣ, ಪೇಷಂಟಿನ ಹಲ್ಲು! ಎಕ್ಸ್‌ರೇಗೆ ಬರೆದ ಚೀಟಿ!’

ಗುರಿ ಇಟ್ಟು ನಿಂತಿದ್ದವರೆಲ್ಲ ರೈಫಲ್ ಕೆಳಗಿಟ್ಟರು. ನಗು ತಡೆಯಲು ಯಾರಿಂದಲೂ ಆಗಲಿಲ್ಲ. ನನಗೆ ಮಾತ್ರ ಅಳು ಬಂತು. ಮೂರು ತಿಂಗಳ ಅಭ್ಯಾಸ ಒಂದು ಹಲ್ಲಿನ ಜೊತೆ ಹೋಯಿತಲ್ಲ ಅಂತ ಕುರ್ಚಿಯಲ್ಲೇ ಕೂತುಬಿಟ್ಟೆ.

ಹೆಗಲ ಮೇಲೆ ಯಾರೋ ಕೈಯಿಟ್ಟರು. ಬೇರೆ ಕ್ಲಬ್ಬಿನವಳು, ಮೊದಲ ಸರದಿಯಲ್ಲಿ ಹೊಡೆದು ಮುಗಿಸಿ ಪೆಟ್ಟಿಗೆ ಕಟ್ಟುತ್ತಿದ್ದವಳು. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ‘ಏಳಿ ಅಕ್ಕ. ನನ್ನದು ತಗೊಳ್ಳಿ. ಬೆಳಿಗ್ಗೆನೇ ತಪಾಸಣೆ ಆಗಿದೆ, ಇವರೂ ಬೇಡ ಅನ್ನಲ್ಲ’ ಅಂತ ತನ್ನ ರೈಫಲ್ಲನ್ನು ನನ್ನ ಕೈಗಿಟ್ಟಳು. ತೀರ್ಪುಗಾರರು ಒಪ್ಪಿದರು. ಹೋದ ಹೊತ್ತು ಮಾತ್ರ ವಾಪಸ್ ಸಿಗಲಿಲ್ಲ. ಮುಟ್ಟಿಯೇ ಇರದ ರೈಫಲ್ಲಿನಲ್ಲಿ, ಮೂಗು ಒರೆಸಿಕೊಳ್ಳುತ್ತಾ ಒಂದೊಂದೇ ಹೊಡೆದೆ. ಕೊನೆಗೆ ಕೂಡಿದರೆ, ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚು ಬಂದಿತ್ತು! ಅವಳಿಗಿಂತ ಒಂದು ಅಂಕ ಹೆಚ್ಚು.

‘ನನ್ನ ರೈಫಲ್ಲೇ ನನ್ನ ಸೋಲಿಸ್ತಲ್ಲಕ್ಕ’ ಅಂತ ನಕ್ಕು ನನ್ನನ್ನು ತಬ್ಬಿಕೊಂಡಳು. ಅವಳೂ ಆಯ್ಕೆಯಾಗಿದ್ದಳು ಅನ್ನಿ.

ಸಂಜೆ ನಾನೂ ಅಣ್ಣನೂ ಬಿಚ್ಚಿದ ಸ್ಕ್ರೂವನ್ನು ಕಾಗದದಲ್ಲಿ ಸುತ್ತಿಕೊಂಡು, ಮೈಸೂರು ಪಾಕ್ ಹಿಡಿದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಒಂದು ಸಲ ‘ಕ್ಷಮಿಸಮ್ಮ’ ಅಂದರೆ ಮೂರು ಸಲ ನಕ್ಕರು. ಆಗ ಅಣ್ಣನಿಗೆ ಹೊಳೆಯಿತು.

‘ಅಲ್ಲಾ ಮೇಡಂ, ಹಲ್ಲಿನ ಚೀಟಿ ಇವ್ರಿಗೆ ಬಂದಿದ್ರೆ ಇವ್ರ ಚೀಟಿ ಎಲ್ಲೋಯ್ತು?’

ಡಾಕ್ಟರಮ್ಮನ ನಗು ಅರ್ಧಕ್ಕೇ ನಿಂತಿತು. ‘ಆ ಪೇಷಂಟು... ಅದನ್ನ ತಗೊಂಡು ಎಕ್ಸ್‌ರೇಗೆ ಹೋಗಿರಬೇಕು.’

ನನಗಾಗಿ ಬರೆದಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಮೇಲೆ 2 ಕ್ಲಿಕ್, ಎಡಕ್ಕೆ 3 ಕ್ಲಿಕ್. ಉಸಿರು ಅರ್ಧ ಬಿಟ್ಟು ಹಿಡಿದುಕೋ. ಟ್ರಿಗರ್ ಮೆಲ್ಲಗೆ. ಹೆದರಬೇಡ.’

ಅವರು ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಎಕ್ಸ್‌ರೇ ಸೆಂಟರಿನ ಹುಡುಗಿ.

‘ಮೇಡಂ, ನಿಮ್ಮ ಪೇಷಂಟ್ ಬಂದಿದ್ದಾರೆ. ನೀವು ಬರೆದ ಹಾಗೇ ಮೇಲಿಂದ ಎರಡು ಕ್ಲಿಕ್ ಮಾಡಿದೀನಿ, ಎಡಗಡೆಯಿಂದ ಮೂರು ಕ್ಲಿಕ್ ಮಾಡಿದೀನಿ. ಉಸಿರು ಅರ್ಧ ಬಿಡಿಸಿ ಹಿಡಿಸಿದೀನಿ, ಪಾಪ ಮುಖ ನೀಲಿ ಆಗ್ತಾ ಇದೆ. ಹೆದರಬೇಡಿ ಅಂತಾನೂ ಹೇಳ್ತಾ ಇದೀನಿ. ಎಲ್ಲಾ ಆಯ್ತು. ಆದ್ರೆ ಮೇಡಂ, ಟ್ರಿಗರ್ ಅಂದ್ರೆ ಯಾವ ಹಲ್ಲು?’